ಅದೇ ಪೀಪಿ, ಬೇರೆ ಊರು: ನ್ಯೂ ಆರ್ಲಿಯನ್ಸಿನ ಜಾಝ್ ಮತ್ತು ಮೈಸೂರಿನ ಬ್ಯಾಂಡು

ದಸರೆಯ ದಿನಗಳಲ್ಲಿ ಮೈಸೂರು ಅರಮನೆಯ ಮುಂದೆ ಪೊಲೀಸ್ ಬ್ಯಾಂಡಿನವರು ನುಡಿಸುವುದನ್ನು ನೀವು ಕೇಳಿಯೇ ಇರುತ್ತೀರಿ. ಒಂದು ತಂಡ ಕರ್ನಾಟಕ ಸಂಗೀತದ ಕೀರ್ತನೆ ನುಡಿಸಿದರೆ ಇನ್ನೊಂದು ತಂಡ ಇಂಗ್ಲಿಷ್ ಮಾರ್ಚು ನುಡಿಸುತ್ತದೆ. ಸಮವಸ್ತ್ರ ಹಾಕಿಕೊಂಡು, ಸಾಲಾಗಿ ಕೂತು, ಮಿರಮಿರ ಮಿಂಚುವ ವಾದ್ಯಗಳನ್ನು ಹಿಡಿದುಕೊಂಡ ಆ ಜನರನ್ನು ನೋಡುವುದೇ ಒಂದು ಚೆಂದ.

ಆದರೆ ಒಂದು ಕ್ಷಣ ಯೋಚಿಸಿ ನೋಡಿ. ಆ ಕ್ಲಾರಿನೆಟ್ಟು, ಆ ಸ್ಯಾಕ್ಸೊಫೋನು, ಆ ಟ್ರಂಪೆಟ್ಟು ಇಲ್ಲಿಗೆ ಬಂದದ್ದು ಹೇಗೆ? ಯಾವ ಸರಸ್ವತಿಯ ಕೈಯಲ್ಲೂ ಇಲ್ಲದ, ಯಾವ ಗುಡಿಯ ಕಂಬದ ಮೇಲೂ ಕೆತ್ತದ ಈ ವಾದ್ಯಗಳು ಯೂರೋಪಿನ ಸಿಪಾಯಿಗಳ ಜೊತೆ ನಡೆದುಕೊಂಡು ಬಂದವು. ಸರಿಸುಮಾರು ಅದೇ ಕಾಲದಲ್ಲಿ ಇವೇ ವಾದ್ಯಗಳು ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ, ಅಮೆರಿಕಾದ ನ್ಯೂ ಆರ್ಲಿಯನ್ಸ್ ಎಂಬ ಊರಿನಲ್ಲಿ, ಕರಿಯ ಜನರ ಕೈಗೆ ಸಿಕ್ಕವು. ಅಲ್ಲಿ ಅದು ಜಾಝ್ ಆಯಿತು. ಇಲ್ಲಿ ಅದು ಕೀರ್ತನೆ ಆಯಿತು!

ಯಾಕೆ ಹೀಗೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಜಾಝ್ ಅಂದರೆ ಏನು ಅನ್ನುವುದೂ ಗೊತ್ತಾಗುತ್ತದೆ, ನಮ್ಮ ಮೈಸೂರು ಏನು ಅನ್ನುವುದೂ ಗೊತ್ತಾಗುತ್ತದೆ. ಬನ್ನಿ, ಮೊದಲು ಅಲ್ಲಿಗೆ ಹೋಗಿ ಆಮೇಲೆ ಇಲ್ಲಿಗೆ ಬರೋಣ.

ಮೂರು ದೊರೆಗಳ ಊರು

ನ್ಯೂ ಆರ್ಲಿಯನ್ಸ್ ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಜಾಗದ ಹತ್ತಿರ ಇರುವ ಬಂದರು. ಫ್ರೆಂಚರು ಅದನ್ನು ಕಟ್ಟಿದ್ದು 1718ರಲ್ಲಿ. ನಂತರ ಕೆಲವು ದಶಕ ಸ್ಪೇನಿನವರ ಕೈಯಲ್ಲಿತ್ತು. 1803ರಲ್ಲಿ ಅಮೆರಿಕಾದವರು ನೆಪೋಲಿಯನ್ನನಿಂದ ಇಡೀ ಪ್ರಾಂತ್ಯವನ್ನೇ ದುಡ್ಡು ಕೊಟ್ಟು ಕೊಂಡುಕೊಂಡರು. ಹೀಗೆ ಮೂರು ದೊರೆತನ ಕಂಡ ಊರು ಅದು. ಜನರೂ ಹಾಗೆಯೇ: ಫ್ರೆಂಚರು, ಸ್ಪೇನಿನವರು, ಕೆರಿಬಿಯನ್ ದ್ವೀಪಗಳಿಂದ ಬಂದವರು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು.

ಗುಲಾಮರನ್ನು ಹಡಗಿಗೆ ತುಂಬುವಾಗ ಅವರ ಜೊತೆ ಏನನ್ನೂ ತರಲು ಬಿಡಲಿಲ್ಲ. ಭಾಷೆ ಹೋಯಿತು, ಹೆಸರು ಹೋಯಿತು, ದೇವರು ಹೋದರು. ಅಮೆರಿಕಾದ ದಕ್ಷಿಣ ಭಾಗದಲ್ಲಿ ಡೋಲು ಬಾರಿಸುವುದಕ್ಕೂ ಅಡ್ಡಿ. ಡೋಲಿನ ಸದ್ದಿನಲ್ಲಿ ಎಲ್ಲಿ ದಂಗೆಯ ಸುದ್ದಿ ಹರಡುತ್ತಾರೋ ಅನ್ನುವ ಭಯ! ಸೌತ್ ಕ್ಯಾರೊಲಿನಾದಲ್ಲಂತೂ 1740ರ ಕಾನೂನೇ ಇದನ್ನು ನಿಷೇಧಿಸಿತ್ತು.

ನ್ಯೂ ಆರ್ಲಿಯನ್ಸಿನಲ್ಲಿ ಮಾತ್ರ ಒಂದು ಸಣ್ಣ ಕಿಂಡಿ ತೆರೆದಿತ್ತು. ಭಾನುವಾರ ಮಧ್ಯಾಹ್ನ ಗುಲಾಮರು ಊರಾಚೆಯ ಒಂದು ಬಯಲಿನಲ್ಲಿ ಸೇರಿ ಹಾಡಿ ಕುಣಿಯುತ್ತಿದ್ದರು. ಸೇರುವುದಿದ್ದರೆ ಗೊತ್ತುಮಾಡಿದ ಜಾಗದಲ್ಲೇ ಸೇರಬೇಕು ಅಂತ 1817ರಲ್ಲಿ ಊರಿನ ಆಡಳಿತ ನಿಯಮ ಮಾಡಿತು. ಆ ಬಯಲೇ ಕಾಂಗೋ ಸ್ಕ್ವೇರ್. ಒಬ್ಬರು ಎತ್ತಿಕೊಡುವುದು, ಉಳಿದವರೆಲ್ಲ ಅದಕ್ಕೆ ದನಿಗೂಡಿಸುವುದು. ನಮ್ಮ ಸೋಬಾನೆಯಲ್ಲಿ, ನಾಟಿ ಹಾಕುವ ಪದಗಳಲ್ಲಿ, ಭಜನೆಯಲ್ಲಿ ಇರುವುದೂ ಇದೇ ಅಲ್ಲವೆ? ಹೊಲದಲ್ಲಿ ದುಡಿಯುವಾಗ ಹಾಡಿದ ಹಾಡುಗಳು, ಚರ್ಚಿನಲ್ಲಿ ಹಾಡಿದ ಹಾಡುಗಳು, ಒಂಟಿ ದನಿಯ ಸಂಕಟದ ಬ್ಲೂಸ್ ಪದಗಳು ಇವೆಲ್ಲ ಈ ಬಗೆಯ ಕಿವಿಯಿಂದಲೇ ಹುಟ್ಟಿದವು.

ಹಿತ್ತಾಳೆ ವಾದ್ಯ ಬೀದಿಗೆ ಇಳಿದಾಗ

1861ರಿಂದ 1865ರವರೆಗೆ ಅಮೆರಿಕಾದಲ್ಲಿ ಅಂತರ್ಯುದ್ಧ ನಡೆಯಿತು. ಗುಲಾಮಗಿರಿ ಮುಗಿಯಿತು. ಆ ಕಾಲದಲ್ಲಿ ದಂಡು ಇದ್ದಲ್ಲೆಲ್ಲ ಬ್ಯಾಂಡು. ಯುದ್ಧ ಮುಗಿದ ಮೇಲೆ ಬ್ಯಾಂಡಿನ ಹುಚ್ಚು ಊರೂರಿಗೂ ಹತ್ತಿತು. ಶತಮಾನದ ಕೊನೆಯ ಹೊತ್ತಿಗೆ ವಾದ್ಯಗಳೂ ಕಾರ್ಖಾನೆಯಲ್ಲಿ ತಯಾರಾಗಿ ಅಗ್ಗವಾಗಿದ್ದವು. ಕಾರ್ನೆಟ್, ಟ್ರಾಂಬೋನ್, ಕ್ಲಾರಿನೆಟ್, ದೊಡ್ಡ ಡ್ರಮ್ಮು... ಬಡವನ ಕೈಗೂ ಎಟುಕುವಂತಾದವು.

ನ್ಯೂ ಆರ್ಲಿಯನ್ಸಿನ ಕರಿಯರು ತಮ್ಮತಮ್ಮಲ್ಲೇ ಸಹಾಯ ಸಂಘಗಳನ್ನು ಕಟ್ಟಿಕೊಂಡಿದ್ದರು. ತಿಂಗಳು ತಿಂಗಳು ಚಂದಾ ಕೊಟ್ಟರೆ ಕಾಯಿಲೆ ಕಸಾಲೆಗೆ ನೆರವು, ಸತ್ತಾಗ ಮರ್ಯಾದೆಯ ಮಣ್ಣು. ಮರ್ಯಾದೆ ಅಂದರೆ ಬ್ಯಾಂಡು! ಸ್ಮಶಾನಕ್ಕೆ ಹೋಗುವಾಗ ನಿಧಾನದ ಶೋಕದ ಧಾಟಿ. ಮಣ್ಣು ಮಾಡಿ ಹಿಂತಿರುಗುವಾಗ ಕುಣಿಸುವ ಧಾಟಿ, ಹಿಂದೆ ಕೊಡೆ ಹಿಡಿದು ಕುಣಿಯುವ ಜನರ ಸಾಲು. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ತಮಟೆ ಇಲ್ಲದೆ ಹೆಣ ಎತ್ತದ ನಮ್ಮ ಹಳ್ಳಿಯವರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಈ ಊರಿನಲ್ಲಿ ಇನ್ನೊಂದು ವರ್ಗ ಇತ್ತು: ಕ್ರಿಯೋಲರು. ಫ್ರೆಂಚ್ ತಂದೆ ತಾತಂದಿರ, ಆಫ್ರಿಕನ್ ತಾಯಿ ಅಜ್ಜಿಯರ ಮಿಶ್ರ ಸಂತಾನ. ಇವರಲ್ಲಿ ಹಲವರು ಗುಲಾಮಗಿರಿಯ ಕಾಲದಲ್ಲೂ ಸ್ವತಂತ್ರರಾಗಿದ್ದರು, ಫ್ರೆಂಚ್ ಆಡುತ್ತಿದ್ದರು, ಮೇಷ್ಟರನ್ನಿಟ್ಟುಕೊಂಡು ಬರೆದ ಸಂಗೀತವನ್ನು ನೋಡಿ ನುಡಿಸಲು ಕಲಿಯುತ್ತಿದ್ದರು. ಕರಿಯರ ಕೇರಿಯ ಕಡೆ ಮುಖ ಹಾಕುತ್ತಿರಲಿಲ್ಲ. ಒಂಥರಾ ಮಧ್ಯದ ಜಾತಿ ಅನ್ನಿ.

1890ರಲ್ಲಿ ಲೂಸಿಯಾನಾ ರಾಜ್ಯ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ರೈಲು ಡಬ್ಬಿ ಎಂಬ ಕಾನೂನು ತಂದಿತು. ಹೋಮರ್ ಪ್ಲೆಸ್ಸಿ ಎಂಬ ಕ್ರಿಯೋಲ್ 1892ರಲ್ಲಿ ಬೇಕೆಂದೇ ಬಿಳಿಯರ ಡಬ್ಬಿಯಲ್ಲಿ ಕೂತು ಬಂಧನಕ್ಕೊಳಗಾದ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1896ರಲ್ಲಿ ಕೋರ್ಟು ಅವನ ವಿರುದ್ಧ ತೀರ್ಪು ಕೊಟ್ಟಿತು. ಹಾಗೆ ಪ್ರತ್ಯೇಕಿಸುವುದು ಸರಿಯೇ ಅಂತ! ಒಂದು ಹನಿ ಆಫ್ರಿಕನ್ ರಕ್ತ ಇದ್ದರೂ ನೀನು ಕರಿಯನೇ, ನಡಿ ಆಚೆ.

ಈ ಅನ್ಯಾಯದಿಂದ ಯಾರೂ ಎಣಿಸದ ಒಂದು ಫಲ ಹುಟ್ಟಿತು. ಓದಿ ನುಡಿಸುವ ಕ್ರಿಯೋಲನೂ ಕೇಳಿ ನುಡಿಸುವ ಕರಿಯನೂ ಒಂದೇ ಬ್ಯಾಂಡಿನಲ್ಲಿ, ಒಂದೇ ಕೂಲಿಗೆ, ಪಕ್ಕಪಕ್ಕ ನಿಲ್ಲಬೇಕಾಯಿತು. ಒಬ್ಬನಿಗೆ ಬೆರಳಿನ ಸಾಧನೆ ಇತ್ತು, ಇನ್ನೊಬ್ಬನಿಗೆ ಬ್ಲೂಸಿನ ಕಿವಿ ಇತ್ತು. ಇಬ್ಬರೂ ಒಬ್ಬರಿಂದೊಬ್ಬರು ಕಲಿತರು. ಜಾಝ್ ಹುಟ್ಟಿದ್ದಕ್ಕೆ ಕಾರಣ ಹಲವಿದ್ದರೂ ಈ ಬಲವಂತದ ನೆರೆಹೊರೆ ಅವುಗಳಲ್ಲಿ ದೊಡ್ಡದು.

ದಾಖಲಾಗದ ಮೊದಲ ದನಿ

ಜಾಝಿನ ಮೊದಲ ದೊಡ್ಡ ಹೆಸರು ಬಡ್ಡಿ ಬೋಲ್ಡನ್. 1877ರಲ್ಲಿ ಹುಟ್ಟಿದವನು. ಕಾರ್ನೆಟ್ ಊದುತ್ತಿದ್ದ. ಅವನ ಊದುವಿಕೆ ಮೈಲುಗಟ್ಟಲೆ ದೂರ ಕೇಳಿಸುತ್ತಿತ್ತು ಅಂತ ಹಳಬರು ಹೇಳುತ್ತಿದ್ದರಂತೆ. 1907ರಲ್ಲಿ ಬುದ್ಧಿ ಸ್ಥಿಮಿತ ತಪ್ಪಿ ಹುಚ್ಚಾಸ್ಪತ್ರೆ ಸೇರಿದ. ಸಾಯುವವರೆಗೂ, ಅಂದರೆ 1931ರವರೆಗೂ, ಅಲ್ಲೇ ಇದ್ದ. ಅವನ ಸಂಗೀತದ ಒಂದೇ ಒಂದು ಧ್ವನಿಮುದ್ರಣವೂ ನಮಗೆ ಉಳಿದಿಲ್ಲ.

ಜಾಝ್ ಎಂದು ಹೆಸರು ಹಾಕಿಕೊಂಡು ಮೊದಲ ರೆಕಾರ್ಡು ಬಂದದ್ದು 1917ರಲ್ಲಿ. ಆ ವರ್ಷ ಫೆಬ್ರವರಿ 26ರಂದು ನ್ಯೂಯಾರ್ಕಿನಲ್ಲಿ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ಎಂಬ ತಂಡ ವಿಕ್ಟರ್ ಕಂಪನಿಗೆ ನುಡಿಸಿತು. ತಂಡದ ಐವರೂ ಬಿಳಿಯರು! ಹೆಸರಿನಲ್ಲಿ "ಒರಿಜಿನಲ್" ಬೇರೆ... ಬೆಳೆ ಬೆಳೆದವನು ಒಬ್ಬ, ಕಣದಲ್ಲಿ ರಾಶಿ ಅಳೆದವನು ಇನ್ನೊಬ್ಬ.

ನಿಜವಾದ ನ್ಯೂ ಆರ್ಲಿಯನ್ಸ್ ಜಾಝನ್ನು ಚೆನ್ನಾಗಿ ಕೇಳಬೇಕಾದರೆ 1923ರವರೆಗೆ ಕಾಯಬೇಕು. ಆಗ ಕಿಂಗ್ ಆಲಿವರನ ತಂಡ ಇಂಡಿಯಾನಾ ರಾಜ್ಯದ ರಿಚ್ಮಂಡ್ ಎಂಬ ಊರಿನಲ್ಲಿ ರೆಕಾರ್ಡು ಮಾಡಿತು. ಅದರಲ್ಲಿ ಎರಡನೇ ಕಾರ್ನೆಟ್ ನುಡಿಸಿದ ಹುಡುಗನೇ ಲೂಯಿ ಆರ್ಮ್‌ಸ್ಟ್ರಾಂಗ್. 1901ರಲ್ಲಿ ಕಡು ಬಡವರ ಕೇರಿಯಲ್ಲಿ ಹುಟ್ಟಿದವನು. ಹನ್ನೊಂದರ ವಯಸ್ಸಿನಲ್ಲಿ ಹೊಸ ವರ್ಷದ ಸಡಗರಕ್ಕೆ ಪಿಸ್ತೂಲು ಹಾರಿಸಿ ಪೊಲೀಸರ ಕೈಗೆ ಸಿಕ್ಕು, ಕರಿಯ ಮಕ್ಕಳ ಸುಧಾರಣಾ ಮಂದಿರ ಸೇರಿ, ಅಲ್ಲಿನ ಬ್ಯಾಂಡಿನಲ್ಲಿ ಕಾರ್ನೆಟ್ಟಿನ ಸರಿಯಾದ ಪಾಠ ಕಲಿತವನು. ಅವನ ಊದುವಿಕೆ ಎಷ್ಟು ಜೋರೆಂದರೆ ರೆಕಾರ್ಡಿಂಗಿನಲ್ಲಿ ಉಳಿದವರಿಗಿಂತ ಬಹಳ ಹಿಂದೆ ನಿಲ್ಲಿಸಿದ್ದರಂತೆ. ಮುಂದೆ 1925ರಿಂದ ತನ್ನದೇ ಚಿಕ್ಕ ತಂಡ ಕಟ್ಟಿ ಅವನು ಮಾಡಿದ ರೆಕಾರ್ಡುಗಳು ಜಾಝಿನ ದಿಕ್ಕನ್ನೇ ಬದಲಿಸಿದವು. ಅಲ್ಲಿಯವರೆಗೆ ಎಲ್ಲರೂ ಒಟ್ಟಿಗೆ ಹೆಣೆದುಕೊಂಡು ನುಡಿಸುತ್ತಿದ್ದ ಸಂಗೀತದಲ್ಲಿ ಒಬ್ಬನೇ ನಿಂತು ತನ್ನ ಮನಸ್ಸಿನಲ್ಲಿರುವುದನ್ನೆಲ್ಲ ಹೇಳಬಹುದು ಅಂತಾಯಿತು.

ಅವನು ಹೇಳುತ್ತಿದ್ದ ರೀತಿ ನಮಗೆ ಅಷ್ಟೇನೂ ಅಪರಿಚಿತವಲ್ಲ. ಪಿಯಾನೋದಲ್ಲಿ ಸ್ವರಗಳು ಮೆಟ್ಟಿಲಿನ ಹಾಗೆ ಬಿಡಿಬಿಡಿ. ಜಾಝಿನವರು ಆ ಮೆಟ್ಟಿಲುಗಳ ನಡುವೆ ಜಾರುತ್ತಾರೆ. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಸ್ವರವನ್ನು ತೂಗಿ ಬಾಗಿಸುತ್ತಾರೆ. ಅದನ್ನು ಬ್ಲೂ ನೋಟ್ ಅನ್ನುತ್ತಾರೆ. ಧಾಟಿಯೊಂದನ್ನು ಹಿಡಿದು ಅಲ್ಲಲ್ಲೇ, ಆಗಿಂದಾಗಲೇ ಬೆಳೆಸುತ್ತಾರೆ. ನಾವು ಮನೋಧರ್ಮ ಅನ್ನುವುದು ಇದನ್ನೇ ಅಲ್ಲವೆ? ನಮ್ಮಲ್ಲಿ ರಾಗದ ಚೌಕಟ್ಟು, ಅವರಲ್ಲಿ ಸ್ವರಗುಚ್ಛಗಳ ಸಾಲಿನ ಚೌಕಟ್ಟು. ಚೌಕಟ್ಟು ಬೇರೆ, ಒಳಗಿನ ಆಟ ಹತ್ತಿರದ್ದು.

ಇನ್ನು ಮೈಸೂರಿಗೆ ಬರೋಣ

ದಕ್ಷಿಣ ಭಾರತದಲ್ಲಿ ಈ ಕೊಡುಕೊಳ್ಳುವಿಕೆ ಜಾಝಿಗಿಂತ ನೂರು ವರ್ಷ ಮೊದಲೇ ಶುರುವಾಗಿತ್ತು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (ಹುಟ್ಟಿದ್ದು 1786) ಮದರಾಸಿನಲ್ಲಿ ಯೂರೋಪಿಯನ್ನರಿಂದ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಬರೆದರು. ಇವತ್ತು ಪಿಟೀಲು ಇಲ್ಲದ ಕಚೇರಿ ಉಂಟೆ?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸಂಸ್ಥಾನಕ್ಕೆ ಇಂಗ್ಲಿಷರ ದಂಡೂ ಬಂತು, ದಂಡಿನ ಜೊತೆ ಬ್ಯಾಂಡೂ ಬಂತು. 19ನೇ ಶತಮಾನದಲ್ಲಿ ಅರಮನೆ ತನ್ನದೇ ಬ್ಯಾಂಡು ಇಟ್ಟುಕೊಂಡಿತು. ಬಸವಪ್ಪ ಶಾಸ್ತ್ರಿಗಳು ಬರೆದ ಸಂಸ್ಥಾನದ ಗೀತೆ "ಕಾಯೌ ಶ್ರೀ ಗೌರಿ" ಬ್ಯಾಂಡಿನಲ್ಲಿ ಮೊಳಗತೊಡಗಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ (1884-1940) ಇದು ದೊಡ್ಡ ವಾದ್ಯವೃಂದವಾಗಿ ಬೆಳೆಯಿತು. ಆಟೋ ಷ್ಮಿಟ್ ಎಂಬ ಜರ್ಮನ್ ನಿರ್ದೇಶಕ ಇಲ್ಲಿ ಕೆಲಸ ಮಾಡಿದ. ಸ್ವತಃ ನಾಲ್ವಡಿಯವರಿಗೆ ವೀಣೆ, ಪಿಟೀಲು, ಪಿಯಾನೋ, ಸ್ಯಾಕ್ಸೊಫೋನು ಸೇರಿ ಎಂಟು ವಾದ್ಯ ಬರುತ್ತಿದ್ದವು ಎನ್ನುತ್ತಾರೆ.

ಒಂದು ಸ್ವಾರಸ್ಯ ನೋಡಿ. ಬಡ್ಡಿ ಬೋಲ್ಡನ್ ಹುಟ್ಟಿದ 1877ರಲ್ಲೇ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರೂ ಹುಟ್ಟಿದರು. ಅವರು 1927ರಲ್ಲಿ ಮೈಸೂರಿಗೆ ಬಂದು ಆಸ್ಥಾನ ವಿದ್ವಾಂಸರಾಗಿ ಚಾಮುಂಡೇಶ್ವರಿಯ ಮೇಲೆ 108 ಕೃತಿ ರಚಿಸಿದರು. "ಇಂಗ್ಲಿಷ್ ನೋಟ್" ಅಂತಲೇ ಪ್ರಸಿದ್ಧವಾದ, ಬ್ಯಾಂಡಿನ ನಡೆಯ ಒಂದು ರಚನೆಯನ್ನೂ ಮಾಡಿದರು. ಒಂದೇ ವರ್ಷ ಹುಟ್ಟಿದ ಇಬ್ಬರ ಕಿವಿಗೂ ಬಿದ್ದದ್ದು ಅದೇ ದಂಡಿನ ಬ್ಯಾಂಡು! ಒಬ್ಬರು ಆಸ್ಥಾನದಲ್ಲಿ ಮಾನ ಪಡೆದರು. ಇನ್ನೊಬ್ಬ ಹುಚ್ಚಾಸ್ಪತ್ರೆಯಲ್ಲಿ ಸತ್ತ.

ಹಾಗೆಯೇ ಪಿಟೀಲು ಚೌಡಯ್ಯನವರು. 1895ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದವರು. ಮೈಕು ಇಲ್ಲದ ಕಾಲ. ಹಿಂದೆ ಕೂತವರಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು. ಆರ್ಮ್‌ಸ್ಟ್ರಾಂಗನನ್ನು ಹಿಂದೆ ನಿಲ್ಲಿಸಿದ್ದು ಸದ್ದು ಹೆಚ್ಚಾಯಿತೆಂದು, ಚೌಡಯ್ಯನವರು ತಂತಿ ಸೇರಿಸಿದ್ದು ಸದ್ದು ಸಾಲದೆಂದು. ಪರದೇಶದ ವಾದ್ಯವನ್ನು ಅವರು ಪೂಜೆ ಮಾಡಿ ಇಟ್ಟುಕೊಳ್ಳಲಿಲ್ಲ. ತಮಗೆ ಬೇಕಾದಂತೆ ಬಿಚ್ಚಿ ಕಟ್ಟಿಕೊಂಡರು.

ಸ್ಯಾಕ್ಸೊಫೋನಿನ ದಾರಿ

ಜಾಝ್ ಅಂದರೆ ಈಗ ಎಲ್ಲರ ಕಣ್ಣಿಗೆ ಬರುವುದು ಸ್ಯಾಕ್ಸೊಫೋನು. ನಿಜ ಹೇಳಬೇಕೆಂದರೆ ಅದು ಜಾಝಿಗೆ ಸ್ವಲ್ಪ ತಡವಾಗಿ ಬಂದ ನೆಂಟ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಅದಕ್ಕೆ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದದ್ದು 1846ರಲ್ಲಿ. ಅದು ಮೊದಲು ನೆಲೆಯೂರಿದ್ದು ದಂಡಿನ ಬ್ಯಾಂಡುಗಳಲ್ಲಿ. ಜಾಝಿನಲ್ಲಿ ಅದಕ್ಕೆ ಗೌರವ ತಂದವರು ನ್ಯೂ ಆರ್ಲಿಯನ್ಸಿನ ಕ್ರಿಯೋಲ್ ಸಿಡ್ನಿ ಬೆಶೆ ಮತ್ತು ಆಮೇಲೆ ಕೋಲ್‌ಮನ್ ಹಾಕಿನ್ಸ್.

ನಮ್ಮಲ್ಲಿ ಅದಕ್ಕೆ ಗೌರವ ತಂದವರು ಕದ್ರಿ ಗೋಪಾಲನಾಥರು. 1949ರಲ್ಲಿ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ಹುಟ್ಟಿದವರು. ತಂದೆ ನಾಗಸ್ವರ ವಿದ್ವಾಂಸರು. ಹುಡುಗ ಗೋಪಾಲನಾಥರಿಗೆ ಸ್ಯಾಕ್ಸೊಫೋನು ಕಣ್ಣಿಗೆ ಬಿದ್ದದ್ದು ಎಲ್ಲಿ ಗೊತ್ತೆ? ಮೈಸೂರು ಅರಮನೆಯ ಬ್ಯಾಂಡಿನಲ್ಲಿ! ಕಲಿತರೆ ಇದನ್ನೇ ಕಲಿಯಬೇಕು ಅಂತ ಹಟ ಹಿಡಿದರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್, ಮದರಾಸಿನ ಟಿ. ವಿ. ಗೋಪಾಲಕೃಷ್ಣನ್ ಇವರಲ್ಲಿ ಪಾಠ ಆಯಿತು. ಬಿಡಿಬಿಡಿ ಸ್ವರಕ್ಕೆಂದೇ ಮಾಡಿದ, ಮೈತುಂಬ ಬಿರಡೆಗಳಿರುವ ಆ ವಾದ್ಯದಲ್ಲಿ ಗಮಕ ಹೊರಡಿಸಲು ಹತ್ತಿರ ಹತ್ತಿರ ಇಪ್ಪತ್ತು ವರ್ಷದ ಸಾಧನೆ ಬೇಕಾಯಿತು. ವಾದ್ಯದಲ್ಲೂ ಮಾರ್ಪಾಡು ಮಾಡಿಕೊಂಡರು.

1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕಾದ ಜಾಝ್ ವಾದಕ ಜಾನ್ ಹ್ಯಾಂಡಿ ಅವರ ವಾದನ ಕೇಳಿ ತಾನೂ ಜೊತೆಗೂಡಿದ. ಎರಡು ಊರುಗಳಿಗೆ ಬೇರೆ ಬೇರೆ ದಾರಿಯಲ್ಲಿ ಹೋಗಿದ್ದ ಬ್ಯಾಂಡು ಅಲ್ಲಿ ಒಂದೇ ವೇದಿಕೆಯಲ್ಲಿ ಸೇರಿತು. 1994ರಲ್ಲಿ ಗೋಪಾಲನಾಥರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. ಅದೇ ಸಭಾಂಗಣದಲ್ಲಿ 1950ರಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರದರ್ಶನ ನಡೆದದ್ದು ನಮ್ಮ ಜಯಚಾಮರಾಜ ಒಡೆಯರ ಹಣದ ನೆರವಿನಿಂದ. ಮಹಾರಾಜರ ಹಣ ಮೊದಲು ಹೋಯಿತು, ಅವರ ಬ್ಯಾಂಡಿನಿಂದ ಕಿವಿ ತೆರೆದುಕೊಂಡ ಹುಡುಗ ಆಮೇಲೆ ಹೋದ!

2008ರಲ್ಲಿ ಗೋಪಾಲನಾಥರು ಕರ್ನಾಟಕ ಮೂಲದ ಕುಟುಂಬದ ಅಮೆರಿಕನ್ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ ಒಂದು ಆಲ್ಬಮ್ ತಂದರು. ಹೆಸರು "ಕಿನ್ಸ್‌ಮೆನ್", ಅಂದರೆ ಬಂಧುಗಳು. ಗೋಪಾಲನಾಥರು 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಈಗ ಕರಾವಳಿಯಲ್ಲಿ ದೇವಸ್ಥಾನದ ಉತ್ಸವಕ್ಕೂ ಮದುವೆಗೂ ಸ್ಯಾಕ್ಸೊಫೋನು ಎಷ್ಟು ಸಹಜವಾಗಿದೆ ಎಂದರೆ ಅದು ಪರದೇಶದ್ದು ಅಂದರೆ ಮಕ್ಕಳು ನಗುತ್ತಾರೆ.

ಹಾಗಾದರೆ ವ್ಯತ್ಯಾಸ ಎಲ್ಲಿ?

ವಾದ್ಯ ಅವೇ, ತಂದವರು ಅದೇ ಬಗೆಯ ಸಿಪಾಯಿಗಳು, ಕಿವಿಯಲ್ಲಿ ಸ್ವರ ಬಾಗಿಸುವ ಆಸೆಯೂ ಎರಡು ಕಡೆ ಇತ್ತು. ಆದರೂ ಮೈಸೂರಿನಲ್ಲಿ ಹೊಸ ಸಂಗೀತ ಹುಟ್ಟಲಿಲ್ಲ. ಯಾಕೆಂದರೆ ಮೈಸೂರಿಗೆ ಅದರ ಅಗತ್ಯವಿರಲಿಲ್ಲ. ಇಲ್ಲಿ ರಾಗ ಇತ್ತು, ತಾಳ ಇತ್ತು, ಗುರು ಇದ್ದರು, ಗುರುಗಳಿಗೆ ಸಂಬಳ ಕೊಡುವ ಅರಮನೆ ಇತ್ತು. ಹೊಸ ವಾದ್ಯ ಬಂದಾಗ ನಾವು ಅದಕ್ಕೆ ನಮ್ಮ ಮನೆಯ ಮಾತು ಕಲಿಸಿದೆವು, ಅಷ್ಟೆ.

ನ್ಯೂ ಆರ್ಲಿಯನ್ಸಿನವರಿಗೆ ಮನೆಯೇ ಇರಲಿಲ್ಲ. ಅವರು ಆ ವಾದ್ಯದಲ್ಲೇ ಹೊಸ ಮನೆ ಕಟ್ಟಿಕೊಳ್ಳಬೇಕಿತ್ತು. ಕುಂಡದಲ್ಲಿ ಬೆಳೆಸಿದ ಗಿಡ ಒಂದು, ಗೋಡೆಯ ಬಿರುಕಿನಲ್ಲಿ ತಾನೇ ಬೇರು ಬಿಟ್ಟ ಅರಳಿ ಸಸಿ ಇನ್ನೊಂದು. ಕುಂಡದ ಗಿಡಕ್ಕೆ ನೀರು ಹಾಕುವವರು ಬೇಕು. ಅರಳಿ ಸಸಿ ಗೋಡೆಯನ್ನೇ ಸೀಳುತ್ತದೆ. ರಾಜ್ಯಾಡಳಿತ ಮುಗಿದ ಮೇಲೆ ಅರಮನೆಯ ಬ್ಯಾಂಡು ಪೊಲೀಸ್ ಇಲಾಖೆಗೆ ಸೇರಿ ಉಳಿಯಿತು. ಜಾಝಿಗೆ ಕೊಡುವ ದೊರೆ ಮೊದಲೇ ಇರಲಿಲ್ಲ, ಹಾಗಾಗಿ ಕಳೆದುಕೊಳ್ಳುವ ದೊರೆಯೂ ಇರಲಿಲ್ಲ.

ಆದರೆ ಮೈಸೂರಿನಲ್ಲೂ ಅರಮನೆಯ ಆಚೆ ಒಂದು ಬ್ಯಾಂಡು ಇದೆ. ನಾವು ಅದನ್ನು "ಬ್ಯಾಂಡ್ ಸೆಟ್" ಅಂತ ಕರೆಯುತ್ತೇವೆ. ಮದುವೆಗೆ, ಗಣೇಶನ ಮೆರವಣಿಗೆಗೆ, ಕೆಲವೊಮ್ಮೆ ಸಾವಿಗೂ ಬರುವವರು. ಹೆಚ್ಚಿನವರು ನೊಟೇಷನ್ ಓದಲು ಬಾರದವರು, ಕೇಳಿ ಕಲಿತವರು, ಬಡವರು. ಅವರು ನುಡಿಸುವುದು ಸಿನಿಮಾ ಹಾಡು. ಆ ಸಿನಿಮಾ ಹಾಡುಗಳೊಳಗೂ ಜಾಝ್ ಇದೆ. 1935ರಲ್ಲಿ ಲಿಯಾನ್ ಆ್ಯಬಿ ಎಂಬ ಕರಿಯ ವಾದಕನ ತಂಡ ಮುಂಬಯಿಯ ತಾಜ್ ಹೋಟೆಲಿಗೆ ಬಂತು. ಅಂಥವರನ್ನು ಕೇಳಿ, ಜೊತೆಗೆ ನುಡಿಸಿ ಗೋವಾದ ವಾದಕರು ಜಾಝ್ ಕಲಿತರು. ಹೊಟ್ಟೆಪಾಡಿಗೆ ಹಿಂದಿ ಸಿನಿಮಾದ ವಾದ್ಯವೃಂದ ಸೇರಿದರು. 1951ರ "ಅಲ್ಬೇಲಾ" ಚಿತ್ರದಲ್ಲಿ ಸಿ. ರಾಮಚಂದ್ರರ ಸಂಗೀತಕ್ಕೆ ಟ್ರಂಪೆಟ್ ನುಡಿಸಿದ ಚಿಕ್ ಚಾಕೊಲೇಟ್‌ಗೆ "ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್" ಎಂದೇ ಹೆಸರು. ಹೀಗೆ ನ್ಯೂ ಆರ್ಲಿಯನ್ಸಿನ ಒಂದು ಎಳೆ ಮುಂಬಯಿ ಸುತ್ತಿಕೊಂಡು, ರೇಡಿಯೋ ಟಾಕೀಸುಗಳನ್ನು ದಾಟಿ ನಮ್ಮ ಮದುವೆ ಛತ್ರದ ಬಾಗಿಲಿಗೆ ಬಂತು.

ಬಾಗಿಲಿಗೆ ಬಂತು ಅಂದೆ. ಒಳಗೆ ಬರಲಿಲ್ಲ! ಊದುವ ವಾದ್ಯ ಎಂಜಲು, ಚರ್ಮದ ವಾದ್ಯ ಮೈಲಿಗೆ ಅನ್ನುವ ಹಳೆಯ ಭಾವನೆ ನಮ್ಮಲ್ಲಿ ಇತ್ತಲ್ಲ. ವಾಲಗದವರು ಹೊರಗೆ, ತಮಟೆಯವರು ಇನ್ನೂ ಹೊರಗೆ. ಕ್ರಿಯೋಲನನ್ನೂ ಕರಿಯನನ್ನೂ ಪಕ್ಕದಲ್ಲಿ ನಿಲ್ಲಿಸಿದ್ದು ಒಂದು ಕೆಟ್ಟ ಕಾನೂನು. ನಮ್ಮಲ್ಲಿ ಆಸ್ಥಾನದ ವಿದ್ವಾಂಸನನ್ನೂ ಬೀದಿಯ ಬ್ಯಾಂಡಿನವನನ್ನೂ ಒಂದೇ ಕಡೆ ನಿಲ್ಲಿಸುವ ಕಾನೂನು, ಒಳ್ಳೆಯದೋ ಕೆಟ್ಟದ್ದೋ, ಯಾವುದೂ ಬರಲಿಲ್ಲ. ಇಬ್ಬರೂ ಒಂದೇ ಊರಿನಲ್ಲಿ ಅವೇ ವಾದ್ಯ ಹಿಡಿದು ನೂರು ವರ್ಷ ಬದುಕಿದರು. ಒಬ್ಬರ ಹತ್ತಿರ ವಿದ್ಯೆ ಇತ್ತು, ಇನ್ನೊಬ್ಬರ ಹತ್ತಿರ ಬೀದಿಯ ಕಸುವು ಇತ್ತು. ಮೈಸೂರಿನದೇ ಆದ ಒಂದು ಹೊಸ ಸಂಗೀತ ಹುಟ್ಟಬಹುದಾಗಿದ್ದ ಜಾಗ ಇವರಿಬ್ಬರ ನಡುವೆ ಖಾಲಿ ಉಳಿಯಿತು ಅಂತ ನನಗನ್ನಿಸುತ್ತದೆ.

ಬೋಲ್ಡನ್ನನ ದನಿ ಉಳಿಯಲಿಲ್ಲ, ನಿಜ. ಆದರೆ ಅವನ ಊರಿನವರು ಹೆಸರನ್ನಾದರೂ ನೆನಪಿಟ್ಟುಕೊಂಡು ಇತಿಹಾಸ ಬರೆಯುವವರಿಗೆ ಹೇಳಿದರು. ನಮ್ಮ ಅರಮನೆ ಬ್ಯಾಂಡಿನ ವಾದಕರಲ್ಲಿ ಒಂದೆರಡು ಹೆಸರು ಸಂಗೀತ ಬಲ್ಲವರ ಬಾಯಲ್ಲಿ ಇದ್ದೀತು. ಬ್ಯಾಂಡ್ ಸೆಟ್ಟಿನವರಲ್ಲಿ ಒಬ್ಬರ ಹೆಸರಾದರೂ ನಿಮಗೆ ಗೊತ್ತೆ? ನಮ್ಮ ಮದುವೆಯಲ್ಲಿ ನುಡಿಸಿದವರ ಹೆಸರು? ಈಗ ಮೆರವಣಿಗೆಗಳಲ್ಲಿ ಡಿಜೆ ಸದ್ದು ಬಂದು ಅವರ ಕಸುಬಿಗೇ ಸಂಚಕಾರ ಬಂದಿದೆ. ಅವರಲ್ಲಿ ವಯಸ್ಸಾದವರು ಇನ್ನೂ ಇದ್ದಾರೆ. ಮುಂದಿನ ಸಲ ಛತ್ರದ ಬಾಗಿಲಲ್ಲಿ ಒಬ್ಬ ಮುದುಕ ಕ್ಲಾರಿನೆಟ್ಟಿನಲ್ಲಿ ಹಳೆಯ ಹಾಡೊಂದನ್ನು ಬಾಗಿಸಿ ಬಳುಕಿಸಿ ನುಡಿಸುತ್ತಿದ್ದರೆ ಊಟದ ಪಂಕ್ತಿಗೆ ಓಡುವ ಮೊದಲು ಎರಡು ನಿಮಿಷ ನಿಂತು ಕೇಳಿ. ಹಾಡು ಮುಗಿದ ಮೇಲೆ ಅವರ ಹೆಸರು ಕೇಳಿ, ಯಾರ ಹತ್ತಿರ ಕಲಿತಿರಿ ಅಂತ ಕೇಳಿ, ಮೊಬೈಲಿನಲ್ಲಿ ಒಂದು ಹಾಡು ರೆಕಾರ್ಡು ಮಾಡಿಕೊಳ್ಳಿ. ನ್ಯೂ ಆರ್ಲಿಯನ್ಸಿನವರಿಗೆ 1900ರಲ್ಲಿ ಇಲ್ಲದ ಅನುಕೂಲ ಈಗ ನಮ್ಮ ಜೇಬಿನಲ್ಲೇ ಇದೆ.